ನಮ್ಮ ಡ್ರಾಯಿಂಗ್ ಮೇಷ್ಟ್ರು ಮತ್ತು ಒಂದು ಕಪ್ಪು ಕೊಡೆ

ಕಳೆದ ಆಷಾಢದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಶಿವಮೊಗ್ಗದ ಮನೆಯಲ್ಲಿ ಹೊಸ ಕಾಗದವನ್ನು ಹಲಗೆಗೆ ಬಿಗಿಯುತ್ತ ಕುಳಿತಿದ್ದೆ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದು ಅದರ ಮರುವಾರ. ಅವರ ವಿಷಯ ಬಿಟ್ಟು ಬೇರೇನನ್ನೂ ಬರೆಯಲು ಮನಸ್ಸು ಒಪ್ಪಲಿಲ್ಲ. 1978ರಿಂದ 1981ರವರೆಗೆ ಸಾಗರ ತಾಲ್ಲೂಕಿನ ಈ ಪ್ರೌಢಶಾಲೆಯಲ್ಲಿ ನಾನು ಕಲಿತ ಬೀಜಗಣಿತವೂ ಭೂಗೋಳವೂ ಇಂದು ಹೆಚ್ಚೇನೂ ಉಳಿದಿಲ್ಲ. ಆದರೆ ಚಿತ್ರಕಲಾ ಕೊಠಡಿಯ ಕಿಟಕಿಯಲ್ಲಿದ್ದ ನೆಗ್ಗಿದ ಅಲ್ಯೂಮಿನಿಯಂ ಲೋಟ, ಅದರ ಅಂಚಿಗೆ ಮೇಷ್ಟ್ರು ಕುಂಚವನ್ನು ಎರಡು ಸಲ ಒರೆಸುವಾಗ ಆಗುತ್ತಿದ್ದ ಸಣ್ಣ ಸದ್ದು, ಇವೆರಡೂ ಹಾಗೆಯೇ ಇವೆ.

ಮಳೆಗಾಲದಲ್ಲಿ ಆ ಕೊಠಡಿಯಲ್ಲಿ ಜಲವರ್ಣ ಒಣಗುತ್ತಲೇ ಇರಲಿಲ್ಲ. ಒಂದು ಪದರ ಬಳಿದರೆ ಮುಂದಿನ ಪದರಕ್ಕೆ ಅರ್ಧ ದಿನ ಕಾಯಬೇಕಾಗಿತ್ತು. ನಾವು ಅವಸರಪಟ್ಟು ಹಸಿ ಬಣ್ಣದ ಮೇಲೆ ಇನ್ನೊಂದನ್ನು ಹಾಕಿ ಕೆಸರು ಮಾಡಿದಾಗ ಅವರು ಬೈಯುತ್ತಿರಲಿಲ್ಲ. "ಮಳೆಗೆ ಅವಸರ ಇಲ್ಲ ಮಾರಾಯ, ನಿನಗ್ಯಾಕೆ?" ಎಂದು ಹೇಳಿ ಕಾಗದವನ್ನು ಉಪ್ಪಿಟ್ಟು ಬೇಯುತ್ತಿದ್ದ ಒಲೆಯ ಹತ್ತಿರ ಹಿಡಿದು ನಿಲ್ಲುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾವು ಮೂವರು ಸೇರಿ ಒಂದು ದೊಡ್ಡ ತಂಟೆ ಮಾಡಿದೆವು. ಶಿಕ್ಷಕರ ಕೊಠಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಕೊಡೆಗಳಲ್ಲಿ ಗಣಿತದ ಮೇಷ್ಟ್ರದ್ದನ್ನು ಎತ್ತಿಕೊಂಡು ಹೋಗಿ, ಗೋಡೆಗೆ ಚಿತ್ತಾರ ಬರೆಯಲು ಮನೆಯಲ್ಲಿಟ್ಟಿದ್ದ ಶೇಡಿ ಎಂಬ ಬಿಳಿಮಣ್ಣನ್ನು ಕಲಸಿ, ಕಪ್ಪು ಬಟ್ಟೆಯ ತುಂಬ ಎಳೆಗಳನ್ನೂ ಚುಕ್ಕೆಗಳನ್ನೂ ಬರೆದೆವು. ಸಂಜೆ ಅವರು ಮಳೆಗೆ ಕೊಡೆ ಬಿಚ್ಚಿದ್ದೇ ತಡ, ಶೇಡಿಯೆಲ್ಲ ಕರಗಿ ಅವರ ಕಪ್ಪು ಕೋಟಿನ ಮೇಲೆ ಬಿಳಿಯ ಗೆರೆಗಳಾಗಿ ಇಳಿಯಿತು. ಮರುದಿನ ಬೆತ್ತದ ಏಟು ತಿಂದು ಬಂದ ನಮ್ಮನ್ನು ಡ್ರಾಯಿಂಗ್ ಮೇಷ್ಟ್ರು ಕರೆದು, ಅದೇ ಕೊಡೆಯನ್ನು ತೊಳೆಸಿ, ಬಿಚ್ಚಿ ಮೇಜಿನ ಮೇಲೆ ಒರಗಿಸಿಟ್ಟು, ಎಂಟೂ ಕಡ್ಡಿಗಳು ಸರಿಯಾಗಿ ಕಾಣುವಂತೆ ಪೆನ್ಸಿಲಿನಲ್ಲಿ ಬರೆಯಿರಿ ಎಂದರು. ನಮ್ಮ ಕಡೆಗೆ ಚಾಚಿಕೊಂಡ ಕಡ್ಡಿ ಗಿಡ್ಡವಾಗಿ ಕಾಣುತ್ತದೆ, ಪಕ್ಕಕ್ಕೆ ಹೋದದ್ದು ಉದ್ದವಾಗಿ ಕಾಣುತ್ತದೆ. ಎರಡು ಶನಿವಾರ ಕಳೆದರೂ ಅದು ನಮಗೆ ಕೈಗೆ ಹತ್ತಲಿಲ್ಲ. "ನಿಮಗೆ ಗೊತ್ತಿರೋ ಕೊಡೆ ಬರೀತಿದ್ದೀರಿ. ಎದುರಿಗಿರೋದನ್ನ ಬರೀರಿ" ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

1980ರ ಪುನರ್ವಸು ಮಳೆಯಲ್ಲಿ ನನ್ನ ತಮ್ಮ ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದ. ನಾಲ್ಕನೆಯ ತರಗತಿಯ ಹುಡುಗ. ಅವನ ದೇಹ ಮೂರನೆಯ ದಿನ ಸಿಕ್ಕಿತು. ಕೊಡೆ ಅದಕ್ಕಿಂತ ಮೊದಲೇ ಕೆಳಗಿನ ಬಿದಿರುಮೆಳೆಯಲ್ಲಿ ಸಿಕ್ಕಿತ್ತು. ಯಾರೋ ಅದನ್ನು ತಂದು ಜಗಲಿಯ ಗೂಟಕ್ಕೆ ನೇತುಹಾಕಿದರು, ಮತ್ತೆ ಅದನ್ನು ಯಾರೂ ಮುಟ್ಟಲಿಲ್ಲ. ಅಂಗಳಕ್ಕೆ ರಂಗೋಲಿ ನಿಂತಿತು. ಅಮ್ಮ ಮಾತು ಬಿಟ್ಟಳು. ಅಪ್ಪ ತೋಟಕ್ಕೆ ಔಷಧಿ ಹೊಡೆಸದೆ ಆ ವರ್ಷದ ಅಡಿಕೆಯೆಲ್ಲ ಕೊಳೆರೋಗಕ್ಕೆ ಉದುರಿತು.

ಶಾಲೆಗೆ ಮರಳಿದ ದಿನ ಎಲ್ಲರೂ ಸಮಾಧಾನ ಹೇಳಿದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಏನನ್ನೂ ಹೇಳದೆ ಚಿತ್ರಕಲಾ ಕೊಠಡಿಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಪ್ರತಿ ಸಂಜೆ ಆ ಹಳ್ಳವನ್ನೇ ಬರೆಯುತ್ತಿದ್ದೆ, ನೀರಿಗೆ ಕಪ್ಪು ಬಳಿಯುತ್ತಿದ್ದೆ, ಕಾಗದ ತೂತಾಗುವವರೆಗೆ ಬಳಿಯುತ್ತಿದ್ದೆ. ಒಂದು ವಾರ ಸುಮ್ಮನೆ ನೋಡಿದ ಮೇಲೆ ಅವರು ನನ್ನ ಬಳಿ ಕುಳಿತು, "ಅವತ್ತು ನೀರು ಕಪ್ಪಗಿತ್ತಾ?" ಎಂದು ಕೇಳಿದರು. ನನಗೆ ಸಿಟ್ಟು ಬಂದಿತು. ಆದರೆ ಆ ರಾತ್ರಿ ಮಲಗಿದಾಗ ನೀರು ನಿಜವಾಗಿ ಹೇಗಿತ್ತೆಂಬುದು ನೆನಪಾಯಿತು. ಕೆಮ್ಮಣ್ಣು ಕದಡಿ, ಹಾಲು ಹಾಕಿದ ಚಹಾದ ಬಣ್ಣವಾಗಿತ್ತು; ಅಂಚಿನಲ್ಲಿ ಬಿಳಿ ನೊರೆಯಿತ್ತು; ನೋಡಲು ಅದರಲ್ಲಿ ಭಯಂಕರವಾದುದು ಏನೂ ಇರಲಿಲ್ಲ. ಅದು ನೆನಪಾದ ಮೇಲೆ ನಾನು ಮೊದಲ ಬಾರಿಗೆ ಅತ್ತೆ.

ಅವರ ಬಳಿ ಬಣ್ಣದ ಚಿತ್ರಗಳಿದ್ದ ಒಂದು ಹಳೆಯ ಪುಸ್ತಕವಿತ್ತು. ಅದರಲ್ಲಿ ನಾರ್ವೆಯ ಎಡ್ವರ್ಡ್ ಮುಂಕ್ ಬರೆದ ಕಾಯಿಲೆಯ ಹುಡುಗಿಯ ಚಿತ್ರವನ್ನು ತೋರಿಸಿದರು. ಮುಂಕ್‌ನ ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ಸತ್ತಾಗ ಅವಳಿಗೆ 15 ವರ್ಷ. ಮುಂಕ್ ಆ ಚಿತ್ರವನ್ನು ಮೊದಲು ಬರೆದದ್ದು 1885–86ರಲ್ಲಿ. ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಮುಗಿಸಿದ. ಮುಗಿಯಿತೆಂದು ಬಿಡಲೂ ಇಲ್ಲ. ಸುಮಾರು ನಲವತ್ತು ವರ್ಷಗಳ ಅವಧಿಯಲ್ಲಿ ಅದೇ ದೃಶ್ಯವನ್ನು ತೈಲವರ್ಣದಲ್ಲೇ ಆರು ಸಲ ಬರೆದ. "ನೀನು ಒಂದು ವಾರಕ್ಕೆ ಮುಗಿಸಬೇಕು ಅಂತೀಯಲ್ಲ" ಎಂದರು ಮೇಷ್ಟ್ರು. ಮುಂದೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದುವಾಗ ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್‌ಳ ಕಥೆ ತಿಳಿಯಿತು. 1914ರ ಅಕ್ಟೋಬರಿನಲ್ಲಿ ಯುದ್ಧಕ್ಕೆ ಹೋದ ಮಗ ಪೀಟರ್ ಸತ್ತ. ಅವನ ಸ್ಮಾರಕಕ್ಕಾಗಿ ಅವಳು ರೂಪಿಸಲು ಹೊರಟ ತಂದೆ ತಾಯಿಯರ ಕಲ್ಲಿನ ಮೂರ್ತಿಗಳು, ಅವಳದೇ ಮತ್ತು ಅವಳ ಗಂಡನದೇ ಮುಖ ಹೊತ್ತು, ಬೆಲ್ಜಿಯಮ್ಮಿನಲ್ಲಿ ಅವನ ಸಮಾಧಿಯಿದ್ದ ಸ್ಮಶಾನ ಸೇರಿದ್ದು 1932ರಲ್ಲಿ. ಸಹಪಾಠಿಗಳು ಅಷ್ಟು ವರ್ಷವೇ ಎಂದು ಬೆರಗಾದಾಗ ನನಗೆ ಮಾತ್ರ ಬೆರಗಾಗಲಿಲ್ಲ.

ಮೇಷ್ಟ್ರ ಸ್ವಂತ ದುಃಖದ ವಿಷಯ ನನಗೆ ತಿಳಿದದ್ದು ತಡವಾಗಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅವರ ಊರು ಮುಳುಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದ ವರ್ಷಗಳಲ್ಲಿ ಅವರು ಅಲ್ಲಿಗೆ ಹೋಗಿ, ಬಿರಿದ ಮಣ್ಣಿನ ನಡುವೆ ತಮ್ಮ ಮನೆಯ ಮೆಟ್ಟಿಲುಗಲ್ಲನ್ನು ಹುಡುಕಿ ಬರೆದು ಬರುತ್ತಿದ್ದರಂತೆ. ಆ ಚಿತ್ರಗಳು ಬೀರುವಿನ ಹಿಂದೆ ಗೋಡೆಗೆ ಮುಖಮಾಡಿ ನಿಂತಿದ್ದವು. ಯಾವುದರಲ್ಲೂ ಮನೆ ಇರಲಿಲ್ಲ, ಮನುಷ್ಯರಿರಲಿಲ್ಲ. ಮೂರು ಮೆಟ್ಟಿಲು, ಅವುಗಳ ನೆರಳು, ಅಷ್ಟೆ.

ಅವನ್ನು ನೋಡಿದ ಮೇಲೆಯೇ ನಾನು ಹಳ್ಳವನ್ನು ಬಿಟ್ಟು ಜಗಲಿಯ ಕೊಡೆಯನ್ನು ಬರೆಯಲು ಕುಳಿತೆ. ಎಂಟು ಕಡ್ಡಿಗಳಲ್ಲಿ ಮೂರು ಮುರಿದಿದ್ದವು. ಬಟ್ಟೆಯ ಮಡಿಕೆಯಲ್ಲಿ ಒಣಗಿದ ಕೆಂಪು ಮಣ್ಣಿನ ಗೆರೆಯಿತ್ತು, ಹಿಡಿಯಲ್ಲಿ ನನ್ನ ತಮ್ಮ ಮೊಳೆಯಿಂದ ಕೊರೆದ ತನ್ನ ಹೆಸರಿನ ಮೊದಲ ಅಕ್ಷರವಿತ್ತು. ಅಮ್ಮ ಒಳಗಿನಿಂದ ಬಂದು ಬಹಳ ಹೊತ್ತು ನನ್ನ ಹಿಂದೆ ನಿಂತಿದ್ದಳು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಆ ವರ್ಷ ನಮ್ಮ ಮನೆಯಲ್ಲಿ ಬುಟ್ಟಿ ಇಳಿಸಲಿಲ್ಲ. ಮರುವರ್ಷ ಅಮ್ಮ ತಾನಾಗಿಯೇ ಅಟ್ಟದಿಂದ ಇಳಿಸಿದಳು. ಎಂದೂ ಅಲುಗದ ಅವಳ ಕೈಯ ಎಳೆ ಆ ಸಲ ಒಂದೆರಡು ಕಡೆ ನಡುಗಿತ್ತು; ಅವಳು ಅದನ್ನು ಒರೆಸಿ ತಿದ್ದಲಿಲ್ಲ. ನಾನು ಬಲ್ಲ ಚಿತ್ತಾರಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕೊಡೆಯ ಆ ಚಿತ್ರದಿಂದ ಶುರುವಾದದ್ದು ನನ್ನ ಬದುಕೇ ಆಯಿತು. ಶಿವಮೊಗ್ಗದಲ್ಲಿ ನನ್ನ 22 ಚಿತ್ರಗಳ ಪ್ರದರ್ಶನವಾದಾಗ, ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಮೂರು ದಿನವೂ ಬಂದು ಒಂದೇ ಚಿತ್ರದ ಎದುರು ನಿಂತು ಹೋದರು. ನನಗೆ ಬಂದ ಬಹುಮಾನಗಳಿಗಿಂತ ಆ ಮೂರು ದಿನಗಳ ಬಗ್ಗೆ ನನಗೆ ಹೆಮ್ಮೆಯಿದೆ ಎಂಬುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ನನ್ನ ಮೊಮ್ಮಗಳು ಓದುವ ಶಾಲೆಯಲ್ಲಿ ಚಿತ್ರಕಲೆಗೆ ಶಿಕ್ಷಕರಿಲ್ಲ. ವೇಳಾಪಟ್ಟಿಯಲ್ಲಿರುವ ಒಂದು ಅವಧಿಯನ್ನೂ ಗಣಿತಕ್ಕೆ ಬಿಟ್ಟುಕೊಟ್ಟಿದ್ದಾರೆ. ಕಳೆದ ವರ್ಷ ಅವಳ ಗೆಳತಿಯೊಬ್ಬಳ ತಂದೆ ತೀರಿಕೊಂಡರು. ಎರಡೇ ವಾರಕ್ಕೆ ಆ ಮಗುವಿನ ಕೈಗೆ ಅಚ್ಚಾದ ಹೂವಿನ ಚಿತ್ರ ಕೊಟ್ಟು, ಗೆರೆ ದಾಟದೆ ಬಣ್ಣ ತುಂಬಲು ಹೇಳಿದರಂತೆ. ಅವಳ ಕೈಗೆ ಬರಿಯ ಕಾಗದ ಕೊಡಲು ಒಬ್ಬರಾದರೂ ಇರಬೇಕಿತ್ತು.

ಮೇಷ್ಟ್ರ ವೈಕುಂಠ ಸಮಾರಾಧನೆಯ ದಿನ ಅವರ ಮನೆಯವರು ಹಾರ ಹಾಕಿದ ಭಾವಚಿತ್ರವನ್ನು ತೋರಿಸಿ, ಇದನ್ನು ನೋಡಿ ದೊಡ್ಡದಾಗಿ ಬರೆದುಕೊಡಿ ಎಂದು ಕೇಳಿದರು. ಪ್ರಯತ್ನಿಸಿದೆ, ಆಗಲಿಲ್ಲ. ಅವರ ಕಿಟಕಿಯಲ್ಲಿ ಅದೇ ಅಲ್ಯೂಮಿನಿಯಂ ಲೋಟ ಇನ್ನೂ ಇತ್ತು, ಕೇಳಿ ತಂದುಕೊಂಡೆ. ಈಗ ಅದನ್ನು ಬರೆಯುತ್ತಿದ್ದೇನೆ, ಇದು ನಾಲ್ಕನೆಯ ಸಲ. ನೆಗ್ಗು ಬಂದಿದೆ, ಅಂಚಿನ ಹೊಳಪು ಬಂದಿದೆ. ಒಳಗಿದ್ದ ನೀರಿನ ಬಣ್ಣ ಮಾತ್ರ ಇನ್ನೂ ಸಿಕ್ಕಿಲ್ಲ.