ಸಂಪಿನಲ್ಲಿ ಎಷ್ಟು ಜಾಗ ಖಾಲಿ ಇದೆ?

17 ಮೇ 2025, ಶನಿವಾರ, ಬೆಂಗಳೂರು

ತಾರಸಿಯ ಮಳೆನೀರನ್ನು ಸಂಪಿನಲ್ಲಿ ಹಿಡಿಯುವ ಮನೆಗಳಿಗೆಂದು ನಾವು ಮಾಡುತ್ತಿರುವ ಆ್ಯಪ್‌ನ ಮೊದಲ ಪರದೆಯಿಂದ 'ವರ್ಷಕ್ಕೆ ನಿಮ್ಮ ಮನೆಗೆ ಸಿಗುವ ನೀರು' ಅನ್ನುವ ಅಂಕಿಯನ್ನು ಇವತ್ತು ತೆಗೆದುಹಾಕಿದೆವು. ಲೆಕ್ಕವೇನೂ ತಪ್ಪಿರಲಿಲ್ಲ. 1,080 ಚದರಡಿ ತಾರಸಿ ಅಂದರೆ ಸುಮಾರು 100 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ.; ಅದರಲ್ಲಿ ನೂರಕ್ಕೆ 80 ಪಾಲು ಪೈಪಿಗೆ ಇಳಿದರೂ 77,600 ಲೀಟರ್. ಆದರೆ ಸಂಪು ಹಿಡಿಯುವುದು 6,000 ಲೀಟರ್ ಮಾತ್ರ, ಮಳೆಯೋ ಒಂದೊಂದು ಸಂಜೆ ಸುರಿದುಬಿಡುತ್ತದೆ. ವರ್ಷದ ಅಂಕಿ ನೋಡಿ ಮನೆಯವರು ಮಾಡುವ ಕೆಲಸ ಯಾವುದೂ ಇಲ್ಲ.

ನೀರು ಕೈತಪ್ಪುವುದು ಬೇರೆ ಕಡೆ. ಎಷ್ಟೋ ಮನೆಗಳಲ್ಲಿ ಕಾವೇರಿ ನೀರು, ಮಳೆನೀರು ಎರಡಕ್ಕೂ ಒಂದೇ ಸಂಪು. ಬೆಳಿಗ್ಗೆ ಕಾವೇರಿ ನೀರು ಬಂದು ಸಂಪು ತುಂಬಿದ್ದರೆ ಸಂಜೆಯ ಮಳೆ ಅಷ್ಟೂ ಚರಂಡಿಗೆ. ಆದ್ದರಿಂದ ಈಗ ಮೊದಲ ಪರದೆಯಲ್ಲಿ ದೊಡ್ಡದಾಗಿ ಕಾಣುವುದು ಒಂದೇ ಸಾಲು: 'ಖಾಲಿ ಜಾಗ 1,800 ಲೀಟರ್, 22 ಮಿ.ಮೀ. ಮಳೆಗೆ ಸಾಕು.'

1,800 ಎಲ್ಲಿಂದ ಬಂತು? ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಎರಡು ಮೀಟರ್ ಆಳದ ಸಂಪಿನಲ್ಲಿ ಒಂದು ಸೆಂ.ಮೀ. ನೀರು ಅಂದರೆ 30 ಲೀಟರ್. ನೀರು ತನ್ನ ಮಟ್ಟಕ್ಕೆ ಏರಿದಾಗ ಕಾವೇರಿ ಪೈಪನ್ನು ತಾನೇ ಮುಚ್ಚುವ ಫ್ಲೋಟ್ ವಾಲ್ವನ್ನು 60 ಸೆಂ.ಮೀ. ಕೆಳಗಿಳಿಸಿದರೆ ಅಷ್ಟು ಜಾಗ ಮಳೆಗೆ ಮೀಸಲು. ಮಳೆ ಬಾರದಿದ್ದರೆ ಗತಿಯೇನು ಅನ್ನುವ ಭಯ ಸಹಜ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನಕ್ಕೆ 540 ಲೀಟರ್; ಉಳಿದ 4,200 ಲೀಟರ್ ಏಳು ದಿನ ದಾಟಿಸುತ್ತದೆ. ಈ ದಿನಗಳ ಲೆಕ್ಕವನ್ನು ಅದೇ ಸಾಲಿನ ಕೆಳಗೆ ಕೊಡಲೇಬೇಕು. ಇಲ್ಲದಿದ್ದರೆ ವಾಲ್ವ್ ಇಳಿಸಲು ಯಾರೂ ಒಪ್ಪುವುದಿಲ್ಲ.

ತಾರಸಿಯ ಅಳತೆ ಕೇಳುವ ಪ್ರಶ್ನೆಯನ್ನೂ ಬದಲಿಸಿದೆವು. ತಾರಸಿಗೆ ನಾಲ್ಕು ಪೈಪ್ ಇದ್ದು ಸಂಪಿಗೆ ಎರಡೇ ಸೇರಿದ್ದರೆ ಪೂರ್ತಿ ವಿಸ್ತೀರ್ಣ ಹಿಡಿಯುವುದು ತಪ್ಪು. 'ಯಾವ ಪೈಪಿನ ಕಡೆಗೆ ಎಷ್ಟು ಜಾಗ ಇಳಿಜಾರು?' ಎಂದು ಒಂದೊಂದು ಪೈಪಿಗೂ ಬೇರೆಯಾಗಿ ಕೇಳುತ್ತೇವೆ. ಹೆಂಚಿನ ಮನೆಯಾದರೆ ಹೆಂಚಿನ ಓರೆ ಅಳತೆ ಬೇಡ, ಸೂರು ನೆಲದ ಮೇಲೆ ಮುಚ್ಚುವ ಜಾಗದ ಅಳತೆ ಸಾಕು.

ನೀರಿನ ಮಟ್ಟ ಅಳೆಯಲು ಅಲ್ಟ್ರಾಸಾನಿಕ್ ಸೆನ್ಸರ್ (ಸದ್ದು ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ) ಕಡ್ಡಾಯ ಮಾಡಿಲ್ಲ. ಸಾಮಾನ್ಯವಾಗಿ ಅದಕ್ಕೆ ತೀರಾ ಹತ್ತಿರದ, ಸುಮಾರು 20-25 ಸೆಂ.ಮೀ. ಒಳಗಿನ ನೀರು ಕಾಣುವುದಿಲ್ಲ. ಸಂಪು ಕಂಠಮಟ್ಟ ತುಂಬಿದಾಗಲೇ ತಪ್ಪು ಹೇಳುತ್ತದೆ. ಮುಚ್ಚಳದ ಅಡಿಯ ಬೆವರುಹನಿ ಸೆನ್ಸರ್ ಮುಖದ ಮೇಲೆ ಕೂತರೂ ಅಂಕಿ ಜಿಗಿಯುತ್ತದೆ. ಹಾಕುವವರು ಮಳೆನೀರು ಬೀಳುವ ಪೈಪಿನಿಂದ ದೂರ ಹಾಕಬೇಕು, ಐದು ಅಳತೆಗಳಲ್ಲಿ ನಡುವಿನದನ್ನು ಹಿಡಿಯಬೇಕು. ಉಳಿದವರಿಗೆ ಅರ್ಧ ಇಂಚಿನ ಪಿವಿಸಿ ಪೈಪೇ ಅಳತೆಕೋಲು. ಒಣ ಪೈಪಿನ ಮೇಲೆ ಸೀಮೆಸುಣ್ಣ ಉಜ್ಜಿ ತಳ ಮುಟ್ಟುವವರೆಗೆ ನೇರವಾಗಿ ಇಳಿಸಿ ಎತ್ತಿದರೆ ನೀರು ಮುಟ್ಟಿದ ಗೆರೆ ಸ್ಪಷ್ಟ. ವಾರಕ್ಕೆ ಎರಡು ಸಲ ಸೆಂ.ಮೀ. ಬರೆದರೆ ಸಾಕು, ನಡುವಿನ ದಿನಗಳ ಬಳಕೆಯನ್ನು ಆ್ಯಪ್ ಕಳೆಯುತ್ತದೆ.

ನಮಗೆ ಹೆಚ್ಚು ಬೆಲೆಯೆನಿಸುವುದು ಮಳೆ ನಿಂತ ಮೇಲಿನ ತಾಳೆ. ತಾರಸಿಯಲ್ಲಿ ಬಾಯಿ, ತಳ ಒಂದೇ ಅಗಲದ ಡಬ್ಬಿ ಇಟ್ಟರೆ ಅದೇ ಮಳೆಮಾಪಕ. ಬೆಂಗಳೂರಿನಲ್ಲಿ ಒಂದು ಬಡಾವಣೆಗೆ ಸುರಿದ ಮಳೆ ಪಕ್ಕದ ಬಡಾವಣೆಗೆ ಇರುವುದಿಲ್ಲ. ಡಬ್ಬಿಯಲ್ಲಿ 10 ಮಿ.ಮೀ. ಇದ್ದರೆ 800 ಲೀಟರ್ ಇಳಿಯಬೇಕು. ಮೊದಲ ಕೊಳೆನೀರು ಹಿಡಿಯುವ ಡ್ರಮ್ಮಿಗೆ 100 ಹೋದರೆ ಉಳಿದ 700 ಲೀಟರಿಗೆ ಸಂಪು 23 ಸೆಂ.ಮೀ. ಏರಬೇಕು. 12 ಮಾತ್ರ ಏರಿದ್ದರೆ ಆ್ಯಪ್ ಹೀಗೆ ಕೇಳುತ್ತದೆ: ತಾರಸಿಯ ಜಾಲರಿಗೆ ಎಲೆ ಕೂತಿದೆಯೇ? ಫಿಲ್ಟರ್ ಕಟ್ಟಿಕೊಂಡು ನೀರು ಹೊರಗೆ ಉಕ್ಕುತ್ತಿದೆಯೇ? ಪೈಪಿನ ಜೋಡಣೆ ಬಿಟ್ಟಿದೆಯೇ?

23 ಸರಿಯಾಗಿ ಏರಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಡ್ರಮ್ ಖಾಲಿಯಾಯಿತೇ? ಅದರ ತಳದ ಸಣ್ಣ ತೂತು ಕೆಸರಿನಿಂದ ಮುಚ್ಚಿದ್ದರೆ ಮುಂದಿನ ಮಳೆಯಲ್ಲಿ ತಾರಸಿಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ನೇರ ಫಿಲ್ಟರಿಗೆ. ಹಾಗಾಗಿ ಮಳೆ ನಿಂತ ಮರುದಿನ ಬೆಳಿಗ್ಗೆ ಏಳಕ್ಕೆ 'ಡ್ರಮ್ ತಟ್ಟಿ ನೋಡಿ' ಎಂಬ ನೆನಪೋಲೆ ಸೇರಿಸಿದೆವು. ತುಂಬಿದ ಡ್ರಮ್ಮಿನ ಸದ್ದು ಮಂದ, ಖಾಲಿಯದು ಟೊಳ್ಳು.