ನಾವೆಲ್ಲರೂ ಇಲ್ಲೇ ಇದ್ದೇವೆ

2023ರಲ್ಲಿ ಮುಂಗಾರು ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ ಆ ವರ್ಷ ತುಂಬಲೇ ಇಲ್ಲ. ಆ ಕಟ್ಟೆಯ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನು ನಂಬಿ ಕಬ್ಬು ಹಾಕಿದ್ದ ಮಂಡ್ಯದ ಮನೆಗಳಲ್ಲಿ ಆಗ ಹೇಗಿತ್ತು ಅನ್ನುವುದು ಅಲ್ಲಿಯವರಿಗೆ ಗೊತ್ತು. ನಮ್ಮಣ್ಣನ ಕೂಳೆ ಕಬ್ಬು ಗದ್ದೆಯಲ್ಲೇ ಒಣಗುತ್ತಿತ್ತು. ಬೋರ್‌ವೆಲ್ ಕೊರೆಸಿದ ಸಾಲ, ಸಂಘದ ಕಂತು, ಸಾಲದ್ದಕ್ಕೆ ಬಡ್ಡಿಗೆ ತಂದ ಕೈಸಾಲ.

ಒಂದು ಭಾನುವಾರ ಅತ್ತಿಗೆ ಮೈಸೂರಿಗೆ ಫೋನ್ ಮಾಡಿದರು. "ನಿಮ್ಮಣ್ಣ ರಾತ್ರಿಯೆಲ್ಲ ನಿದ್ದೆ ಮಾಡಲ್ಲ ಕಣವ್ವ. ಎದ್ದು ಗದ್ದೆ ತಾವ ಒಬ್ರೇ ಹೋಗಿ ಕೂತಿರ್ತಾರೆ. ನಂಗೆ ಭಯ ಆಯ್ತದೆ" ಎಂದರು. ಚರ್ಚ್ ಮುಗಿಸಿಕೊಂಡು ಹಾಗೇ ಬಸ್ ಹತ್ತಿದೆ.

ಅವತ್ತು ಸಂಜೆ ಅಣ್ಣನ ಮನೆಯಲ್ಲೇ ಮನೆ ಪ್ರಾರ್ಥನೆ. ಮೊದಲೇ ಗೊತ್ತಾಗಿದ್ದ ಸರದಿ. ಅಣ್ಣ "ಈ ಸಲ ಬೇಡ" ಎಂದಿದ್ದನಂತೆ, ಅತ್ತಿಗೆ ಒಪ್ಪಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿದ್ದರು. ನಮ್ಮ ಚರ್ಚ್ ಸಭೆಯವರು ಕೆಲವರು, ಸಭೆಯ ಪಾಸ್ಟರ್ ಅಯ್ಯನವರು, ಪಕ್ಕದ ಮನೆ ಗೌಡರು. ಗೌಡರು ಮಾರಮ್ಮನ ಹಬ್ಬ ಮಾಡುವ ಮನೆಯವರು. ಆದರೂ ಅಣ್ಣನ ಮನೆಯಲ್ಲಿ ಪ್ರಾರ್ಥನೆ ಅಂದರೆ ಬಂದು ಬಾಗಿಲ ಹತ್ತಿರ ಕೂರುತ್ತಾರೆ. ಅಣ್ಣ ಗೋಡೆಗೆ ಒರಗಿ ತಲೆ ತಗ್ಗಿಸಿ ಕೂತಿದ್ದ. ಹಾಡುವಾಗ ಬಾಯಿ ತೆರೆಯಲಿಲ್ಲ. ಅವನ ದನಿ ಇಲ್ಲದ ಹಾಡು ನಾನು ಆ ಮನೆಯಲ್ಲಿ ಕೇಳಿದ್ದೇ ಇಲ್ಲ.

ಅಯ್ಯನವರು ವಾರವಾರ ಸತ್ಯವೇದದ, ಅಂದರೆ ಬೈಬಲಿನ, ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವನ್ನು ಓದಿಸುತ್ತಿದ್ದರು. ಅವತ್ತು 16ನೇ ಅಧ್ಯಾಯ, ಓದಲು ನನಗೆ ಕೊಟ್ಟರು. ಫಿಲಿಪ್ಪಿ ಪಟ್ಟಣದಲ್ಲಿ ಯೇಸುವಿನ ಮಾತು ಸಾರುತ್ತಿದ್ದ ಪೌಲ ಸೀಲರನ್ನು ಕೋಲುಗಳಿಂದ ಹೊಡೆದು, ಒಳಗಿನ ಸೆರೆಮನೆಯಲ್ಲಿಟ್ಟು ಕಾಲಿಗೆ ಕೋಳ ಹಾಕಿದ ಕಥೆ. ಮಧ್ಯರಾತ್ರಿ ಅವರು ಹಾಡುತ್ತಾರೆ, ಭೂಮಿ ನಡುಗುತ್ತದೆ, ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ನಾವು ಚಿಕ್ಕವರಿದ್ದಾಗಿನಿಂದ ಕೇಳಿದ್ದು ಇಷ್ಟನ್ನೇ ಜಾಸ್ತಿ.

ಅವತ್ತು ನನ್ನ ದನಿ ತಡೆದದ್ದು ಅದರ ಮುಂದಿನ ಮಾತಿಗೆ. ಕೈದಿಗಳು ಓಡಿಹೋದರು ಅಂದುಕೊಂಡು ಸೆರೆಮನೆಯ ಯಜಮಾನ ಕತ್ತಿ ಹಿರಿಯುತ್ತಾನೆ, ತನ್ನ ಮೇಲೇ. ಕೈದಿ ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುವ ಕಾಲ ಅದು. ಬೆಳಗಾದರೆ ಲೆಕ್ಕ ಒಪ್ಪಿಸಬೇಕು, ಒಪ್ಪಿಸಲು ಕೈಯಲ್ಲಿ ಏನೂ ಇಲ್ಲ. ಆಗ ಕತ್ತಲೊಳಗಿಂದ ಪೌಲ ಕೂಗುತ್ತಾನೆ: ನೀನೇನೂ ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲೇ ಇದ್ದೇವೆ.

ಅಣ್ಣ ತಲೆ ಎತ್ತಿದ. "ಇನ್ನೊಂದ್ ಸಲ ಓದವ್ವ" ಎಂದ. ಓದಿದೆ. ಅವನು ಎಲ್ಲರ ಮುಂದೆ ಅತ್ತುಬಿಟ್ಟ. ರಾತ್ರಿ ಗದ್ದೆಯಲ್ಲಿ ಕೂತು ಏನು ಯೋಚಿಸುತ್ತಿದ್ದೆ ಅನ್ನುವುದನ್ನು ಹೇಳಿದ. ಅತ್ತಿಗೆ ಅವನ ಕೈ ಹಿಡಿದುಕೊಂಡರು. ಗೌಡರು ಎದ್ದು ಬಂದು ಅವನ ಪಕ್ಕ ಕೂತು, "ನಮ್ಗ್ಯಾಕಪ್ಪಾ ಹೇಳ್ಲಿಲ್ಲ? ನಾವೆಲ್ಲ ಇಲ್ಲೇ ಇದೀವಲ್ಲ" ಎಂದರು. ಅವರು ಸತ್ಯವೇದದ ಮಾತು ಅಂತ ಹೇಳಿದ್ದಲ್ಲ. ಅವರ ಬಾಯಿಗೆ ಬಂದದ್ದೇ ಅದು.

ರಕ್ಷಣೆ ಹೊಂದಲು ನಾನೇನು ಮಾಡಬೇಕು ಎಂದು ಆ ಯಜಮಾನ ಕೇಳುವುದು ಇದಾದ ಮೇಲೆ. ಕರ್ತನಾದ ಯೇಸುವನ್ನು ನಂಬು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ ಅನ್ನುವ ಉತ್ತರ ನಮಗೆಲ್ಲ ಬಾಯಿಪಾಠ. ಆದರೆ ಆ ಉತ್ತರ ಕೇಳಲು ಅವನು ಬದುಕಿರಬೇಕಿತ್ತು, ಅಲ್ವಾ? ಮೊದಲು ಅವನ ಕೈ ತಡೆದರು. ಯೇಸುವಿನ ಮಾತು ಹೇಳಿದ್ದು ಆಮೇಲೆ. ಅದೇ ರಾತ್ರಿ ಅವನು ಅವರ ಗಾಯ ತೊಳೆದ, ಮನೆಯವರೊಂದಿಗೆ ದೀಕ್ಷಾಸ್ನಾನ ಮಾಡಿಸಿಕೊಂಡ, ಅವರಿಗೆ ಊಟ ಬಡಿಸಿದ. ರಕ್ಷಣೆ ಅಂದರೆ ಸತ್ತ ಮೇಲೆ ಸಿಗುವುದು ಮಾತ್ರ ಎಂದು ಯಾರಾದರೂ ಹೇಳಿದರೆ ನಾನು ಈ ರಾತ್ರಿಯನ್ನೇ ತೋರಿಸುತ್ತೇನೆ. ನಂಬಿದರೆ ಸಾಲ ತೀರುತ್ತದೆ, ಬೋರ್‌ವೆಲ್‌ಗೆ ನೀರು ಬರುತ್ತದೆ ಎಂದು ಹೇಳುವವರೂ ಇದ್ದಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಪೌಲನ ಬೆನ್ನಿನ ಗಾಯ ಹಾಡಿದ್ದರಿಂದ ಮಾಯಲಿಲ್ಲ, ಯಾರೋ ತೊಳೆಯಬೇಕಾಯಿತು.

ಊಟವಾದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ಸಾಲದ ಚೀಟಿಗಳನ್ನೆಲ್ಲ ಚಾಪೆ ಮೇಲೆ ಹರಡಿದೆವು. ಕಬ್ಬು ಪೂರಾ ಒಣಗುವ ಮೊದಲು ಆಲೆಮನೆಗೆ ಹಾಕಿಸುವುದು ಎಂದಾಯಿತು. ರೇಟು ಕಮ್ಮಿ ಸಿಕ್ಕರೂ ಸರಿ. ಬಡ್ಡಿಯವರ ಹತ್ತಿರ ಗಡುವು ಕೇಳಲು ಗೌಡರೇ ಬರುತ್ತೇನೆ ಎಂದರು. ಮರುದಿನ ಅಯ್ಯನವರು ಅಣ್ಣನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಅಣ್ಣ ಮಾತ್ರೆ ತೆಗೆದುಕೊಂಡ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಎರಡರಲ್ಲಿ ಒಂದು ಸಾಕು ಎಂದು ಅಯ್ಯನವರು ಒಂದು ದಿನವೂ ಹೇಳಲಿಲ್ಲ. ಅದಕ್ಕೆ ನಾನು ದೇವರಿಗೆ ಸ್ತೋತ್ರ ಹೇಳುತ್ತೇನೆ. ಇಂಥ ಕಷ್ಟ ನಿಮ್ಮ ಮನೆಯಲ್ಲೂ ಇದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಅಣ್ಣನ ಸಾಲ ಆಗಲೂ ತೀರಿರಲಿಲ್ಲ, ಈಗಲೂ ಸ್ವಲ್ಪ ಉಳಿದಿದೆ.

"ಆ ಸೆರೆಮನೆಯವನು ಆಮೇಲೆ ಏನಾದ?" ಎಂದು ಗೌಡರು ಒಮ್ಮೆ ಕೇಳಿದರು. ಅಣ್ಣನೇ ಉತ್ತರ ಕೊಟ್ಟ. "ಬೆಳಿಗ್ಗೆ ಕೆಲಸಕ್ಕೆ ಹೋದ ಗೌಡ್ರೇ. ನಿಮ್ಗೆ ಬಿಡುಗಡೆ ಆಗೈತೆ, ಸಮಾಧಾನವಾಗಿ ಹೋಗಿ ಅಂತ ಪೌಲನಿಗೆ ಬಂದು ಹೇಳಿದ್ದು ಅವನೇ."