ಕಪಾಟಿಗೆ ಒರಗಿಸಿದ ಗಿಟಾರ್

"ನಿನ್ನ ಮೀನು ಹೋಯ್ತು ಮಾರಾಯಾ."

ಶಾರ್ಜಾದಲ್ಲಿರುವ ಗೆಳೆಯ ಬೆಳಗ್ಗೆ ಕಳಿಸಿದ ಮೆಸೇಜ್ ಇಷ್ಟೇ. 2015ರ ಜೂನ್ 29, ಸೋಮವಾರ. ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಹಿಂದಿನ ರಾತ್ರಿಯಿಂದ ಕರೆಂಟ್ ಇಲ್ಲ. ಮಳೆಗೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿತ್ತು. ಫೋನಿನಲ್ಲಿ ಉಳಿದದ್ದು ಶೇಕಡಾ 18 ಚಾರ್ಜ್.

ಮೀನು ಅಂದರೆ ಕ್ರಿಸ್ ಸ್ಕ್ವೈರ್. ಇಂಗ್ಲೆಂಡಿನ 'ಯೆಸ್' ಬ್ಯಾಂಡಿನ ಬೇಸ್ ಗಿಟಾರ್ ವಾದಕ. ಬೇಸ್ ಅಂದರೆ ತಗ್ಗು ಸ್ವರದ, ನಾಲ್ಕು ತಂತಿಯ ಗಿಟಾರ್; ಮಾಮೂಲು ಗಿಟಾರಿಗೆ ಆರು. ಬಚ್ಚಲಿಗೆ ಹೊಕ್ಕರೆ ಬೇಗ ಹೊರಗೆ ಬರುತ್ತಿರಲಿಲ್ಲವಂತೆ, ಅದಕ್ಕೇ ಜೊತೆಗಾರರು 'ಫಿಷ್' ಅಂತ ಹೆಸರಿಟ್ಟಿದ್ದರು. ರಕ್ತದ ಕ್ಯಾನ್ಸರ್ ಎಂಬ ಸುದ್ದಿ ಮೇ ತಿಂಗಳಲ್ಲೇ ಬಂದಿತ್ತು. ಜೂನ್ 27ರಂದು ಅಮೆರಿಕದ ಫೀನಿಕ್ಸ್‌ನಲ್ಲಿ ತೀರಿಕೊಂಡ. 67 ವರ್ಷ.

ನಮ್ಮ ಕಡೆ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಕ್ಯಾಸೆಟ್ ಇದ್ದೇ ಇರುತ್ತಿತ್ತು. ಮಾವ ತಂದ ಕ್ಯಾಸೆಟ್‌ಗಳ ನಡುವೆ ಯೆಸ್‌ನ 1971ರ ಆಲ್ಬಮ್ 'ಫ್ರ್ಯಾಜೈಲ್' ಹೇಗೆ ಸೇರಿತೋ, ಮಾವನಿಗೂ ಗೊತ್ತಿರಲಿಲ್ಲ. ನಾನಾಗ ಗಾನಮೇಳದಲ್ಲಿ ಬೇಸ್ ಹಿಡಿದು ಹಿಂದೆ ನಿಲ್ಲುವವ. ಹಾಡುಗಾರನಿಗೆ ಶಾಲು, ಕೀಬೋರ್ಡಿನವನಿಗೆ ಚಪ್ಪಾಳೆ. ನನಗೆ ಮಾತ್ರ, "ಅದೇನು, ಎರಡು ತಂತಿ ಕಡಿದುಹೋಯ್ತಾ?" ಅಂತ ಪ್ರಶ್ನೆ. ಆ ಕ್ಯಾಸೆಟ್ಟಿನ 'ರೌಂಡಬೌಟ್' ಹಾಡಿನಲ್ಲಿ ಇದೇ ನಾಲ್ಕು ತಂತಿ ಚೆಂಡೆಯ ಹಾಗೆ ಮುಂದೆ ಬಂದು ಮಾತಾಡುತ್ತಿತ್ತು. ನಮ್ಮ ಟೇಪ್‌ರೆಕಾರ್ಡರ್ ರಿವೈಂಡ್ ಮಾಡಿ ಮಾಡಿಯೇ ಹಾಳಾಯಿತು.

ಸ್ಕ್ವೈರ್‌ನ ಕತೆ ಆಮೇಲೆ ಹುಡುಕಿ ಓದಿಕೊಂಡೆ. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಚರ್ಚಿನ ಹಾಡುವ ತಂಡದಲ್ಲಿದ್ದ ಹುಡುಗ. ಕೂದಲು ಉದ್ದವಾಯಿತೆಂದು ಶಾಲೆಯಿಂದ ಕಳಿಸಿದರು, ಇವನು ತಿರುಗಿ ಹೋಗಲೇ ಇಲ್ಲ. ವಾದ್ಯದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, 1965ರಲ್ಲಿ ನೌಕರರ ರಿಯಾಯಿತಿಯಲ್ಲಿ ರಿಕನ್‌ಬ್ಯಾಕರ್ ಕಂಪೆನಿಯ ಒಂದು ಬೇಸ್ ಕೊಂಡ. ಅದಕ್ಕೆ ಹೂವಿನ ವಾಲ್‌ಪೇಪರ್ ಅಂಟಿಸಿದ, ಕಿತ್ತ, ಉಜ್ಜಿದ, ಮತ್ತೆ ಬಣ್ಣ ಬಳಿದ. ಉಜ್ಜಿ ಉಜ್ಜಿ ಮರವೇ ತೆಳ್ಳಗಾಯಿತು! 1968ರಲ್ಲಿ ಹಾಡುಗಾರ ಜಾನ್ ಆಂಡರ್ಸನ್ ಜೊತೆ ಯೆಸ್ ಕಟ್ಟಿದ. ಆಮೇಲೆ ಎಷ್ಟೋ ಜನ ಬಂದರು, ಹೋದರು, ಮತ್ತೆ ಬಂದರು. ಬದುಕಿರುವವರೆಗೆ ಬ್ಯಾಂಡಿನ ಒಂದೊಂದು ಸ್ಟುಡಿಯೊ ಆಲ್ಬಮ್ಮಿನಲ್ಲೂ ಇದ್ದವನು ಇವನೊಬ್ಬನೇ.

ಬೆರಳಲ್ಲಲ್ಲ, ಪಿಕ್ ಎಂಬ ಪುಟ್ಟ ಬಿಲ್ಲೆಯಲ್ಲಿ ಮೀಟುತ್ತಿದ್ದ. ಒಂದೇ ವಾದ್ಯದ ಸದ್ದನ್ನು ಎರಡು ಪಾಲು ಮಾಡಿ, ತಗ್ಗು ಸ್ವರದ ಪಾಲನ್ನು ಶುದ್ಧವಾಗಿಟ್ಟು, ಮೇಲಿನದನ್ನು ಒರಟು ಮಾಡುತ್ತಿದ್ದ. ಮದ್ದಳೆಯ ಎಡಮುಚ್ಚಿಗೆ ಒಂದು ಮಾತಾಡಿದರೆ ಬಲಮುಚ್ಚಿಗೆ ಇನ್ನೊಂದು ಆಡುತ್ತದಲ್ವಾ, ಹಾಗೆ.

ಆ ಬೆಳಗ್ಗೆ ಫೋನಿನಲ್ಲೇ 'ರೌಂಡಬೌಟ್' ಹಾಕಿದೆ. ಒರಟು ಅರ್ಧ ಮಾತ್ರ ಕೇಳಿತು. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಫೋನಿನ ಪುಟ್ಟ ಸ್ಪೀಕರಿಗೆ ಅದು ಎಟಕುವುದಿಲ್ಲ. ಹಾಡು ಮುಗಿಯುವ ಮೊದಲೇ ಫೋನ್ ಸತ್ತಿತು.

ಅಟ್ಟದಿಂದ ನನ್ನ ಹಳೆಯ ಬೇಸ್ ಇಳಿಸಿದೆ. ಚೀಲಕ್ಕೆ ಬೂಸಲು ಹಿಡಿದಿತ್ತು. ತಂತಿಗೆ ತುಕ್ಕು, ಮುಟ್ಟಿದರೆ ಬೆರಳು ಕಂದಾಗುತ್ತಿತ್ತು. ಕರೆಂಟಿಲ್ಲದೆ ಆಂಪ್ಲಿಫೈಯರ್ ಎಲ್ಲಿಂದ? ಆದರೆ ಒಂದು ಉಪಾಯ ಗೊತ್ತಿತ್ತು. ಅಜ್ಜನ ಕಾಲದ ಹಲಸಿನ ಮರದ ಕಪಾಟಿಗೆ ಗಿಟಾರಿನ ತಲೆ ಒತ್ತಿ ಹಿಡಿದು ದಪ್ಪ ತಂತಿ ಮೀಟಿದೆ. ಬಾಗಿಲಿನ ಹಲಗೆ ಗುಂಯ್ ಎಂದಿತು. ಒಳಗಿದ್ದ ಸ್ಟೀಲ್ ಲೋಟಗಳೂ ಸಣ್ಣಗೆ ನಡುಗಿದವು. ಕಪಾಟಿಗೆ ಕೆನ್ನೆ ಆನಿಸಿದೆ, ಹಲ್ಲಿನವರೆಗೂ ಬಂತು. ಅವನ ವೇಗ ನನಗೆ ಯಾವತ್ತೂ ಬಂದದ್ದಿಲ್ಲ. ಅರ್ಧ ವೇಗದಲ್ಲಿ, ತಪ್ಪಿ ತಪ್ಪಿ, ಮೊದಲ ನಾಲ್ಕು ಸಾಲು ಬಾರಿಸಿದೆ.

ಅಡುಗೆಮನೆಯಿಂದ ಅಮ್ಮ ಕೂಗಿದರು, "ಕರೆಂಟ್ ಬಂತಾ? ಬೇಗ ಪಂಪ್ ಹಾಕು, ಬಚ್ಚಲಲ್ಲಿ ಒಂದು ತೊಟ್ಟು ನೀರಿಲ್ಲ."